ಎದೆಯ ನೆರಳು

ದರ್ಜಿಯಕ್ಕನಿಗೆ ಹೇಸಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಳತೆಗೆಂದು ಬೆವರು ನಾರುವ ಅಂಗಿ ತಂದವರನ್ನು ಬಾಗಿಲಲ್ಲೇ ತಡೆದು, "ಒಗೆದು ತಗೊಂಬಾ ತಾಯಿ, ನಾನು ಹೊಲಿಯೋಳು, ಒಗೆಯೋಳಲ್ಲ" ಅನ್ನುತ್ತಿದ್ದಳು. ಗಂಡ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳು. ಅಂಥವಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯತೊಡಗಿತು. ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡಿಸಬೇಕೆಂದರು.

ತೋಳಿಗೆ ಔಷಧಿ ಚುಚ್ಚಿದರು. ಹೃದಯದಲ್ಲಿ ರಕ್ತ ಹರಿಯುವ ಕಡೆಯೆಲ್ಲ ಅದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದಂತೆ, ಹರಿಯದ ಕಡೆ ಕಪ್ಪು. ಉಡಲು ಕೊಟ್ಟ ನಿಲುವಂಗಿಗೆ ಬೆನ್ನಿನಲ್ಲಿ ಕಟ್ಟಿಕೊಳ್ಳಲು ಒಂದೇ ದಾರ ಉಳಿದಿತ್ತು, ಹೊಲಿಗೆಯೋ ನಾಯಿ ಕಚ್ಚಿ ಬಿಟ್ಟಂತೆ. ಸ್ಕ್ಯಾನಿಗೆ ಮಲಗುವ ಹಲಗೆಗೆ ಯಾರದೋ ಬಿಳಿ ಕೂದಲು ಅಂಟಿತ್ತು. ಅದರ ಮೇಲೆಯೇ ಅಂಗಾತ ಮಲಗಿ, ಕೈಗಳನ್ನು ತಲೆಯ ಹಿಂದೆ ಚಾಚಿ, ಬಾಯಲ್ಲೇ ಉಸಿರಾಡಿದಳು.

ಡಾಕ್ಟರು ಕಿಟಕಿ ನೋಡುತ್ತ ಹೇಳಿದರು: "ಮುಂದಿನ ಭಾಗದಲ್ಲಿ ಕಪ್ಪು ಕಾಣ್ತಿದೆ. ಅದು... ಎದೆಯ ನೆರಳಿರಬಹುದು. ಇನ್ನೊಂದ್ಸಲ ಬನ್ನಿ, ಬೋರಲು ಮಲಗಿಸಿ ತೆಗೆದು ಎರಡನ್ನೂ ಹೋಲಿಸೋಣ."

ಎದೆಗೇ ನೆರಳು ಹೊಕ್ಕಿದೆ, ಇನ್ನು ತನ್ನ ಕತೆ ಮುಗಿಯಿತು ಎಂದುಕೊಂಡಳು ದರ್ಜಿಯಕ್ಕ.

ಸುದ್ದಿ ತಿಳಿದದ್ದೇ ತಡ, ಓರಗಿತ್ತಿ ನೋಡಿಕೊಳ್ಳುವ ನೆಪದಲ್ಲಿ ಗಂಟುಮೂಟೆ ಸಮೇತ ಬಂದಿಳಿದಳು. "ನೀನು ತುಳಿಯಬಾರದಕ್ಕ, ಎದೆ ಒಡೆದುಕೊಂಡ್ರೆ?" ಎಂದು ಯಂತ್ರದ ಮುಂದೆ ತಾನೇ ಕೂತಳು. ಬಿಸ್ಕತ್ತು ತಿಂದ ಕೈಯಲ್ಲೇ ಚಕ್ರ ತಿರುಗಿಸುವಳು, ದಾರದ ತುದಿಯನ್ನು ನಾಲಿಗೆಯಿಂದ ನೆಕ್ಕುವಳು. ಬಂದವರೆದುರು ಸಣ್ಣ ದನಿ ಮಾಡಿ, "ಎದೇಲಿ ಏನೂ ಉಳಿದಿಲ್ಲವಂತೆ, ಪಾಪ. ಯಂತ್ರ ನಂಗೇ ಅಂದಿದಾಳೆ" ಅನ್ನುವಳು. ದರ್ಜಿಯಕ್ಕ ಹಾಗೆ ಅಂದದ್ದೇ ಇಲ್ಲ. ಮಂಚದ ಮೇಲಿಂದ ಇದನ್ನೆಲ್ಲ ನೋಡುತ್ತ ಮೂಗಿಗೆ ಸೆರಗು ಒತ್ತಿಕೊಳ್ಳುವಳು. ಸಾಯುವುದಕ್ಕಿಂತ ಆ ಜಿಡ್ಡುಗೈಗೆ ಯಂತ್ರ ಸೇರುವುದೇ ಅವಳಿಗೆ ದೊಡ್ಡ ಸಂಕಟ.

ಎರಡನೆಯ ಸಲ ಬೋರಲು ಮಲಗಿಸಿದರು. ಮುಖ ಒತ್ತಿದ ದಿಂಬಿನಲ್ಲಿ ಕಂಡವರ ಜೊಲ್ಲಿನ ವಾಸನೆ. ಕಣ್ಣು ಮುಚ್ಚಿ ನುಂಗಿಕೊಂಡಳು. ಆಮೇಲೆ ಡಾಕ್ಟರು ಎರಡೂ ಚಿತ್ರ ಪಕ್ಕಪಕ್ಕ ಇಟ್ಟರು.

"ನೋಡಿ, ಅಂಗಾತ ಮಲಗಿದಾಗ ಇಲ್ಲಿ ಕಪ್ಪು. ಬೋರಲಾದಾಗ ಅದೇ ಜಾಗ ಬೆಳ್ಳಗಿದೆ. ರಕ್ತ ನಿಜವಾಗಿ ಹರೀದೆ ಇದ್ದಿದ್ರೆ ಹೇಗೆ ಮಲಗಿದ್ರೂ ಕಪ್ಪೇ ಇರ್ತಿತ್ತು. ಹೃದಯ ಚೆನ್ನಾಗಿದೆ. ಉಸಿರು ಹಿಡಿಯೋದು ರಕ್ತ ಕಮ್ಮಿ ಆಗಿ, ಮಾತ್ರೆ ಬರೀತೀನಿ. ಎದೆಯ ನೆರಳು ಅಂತ ಆವತ್ತೇ ಹೇಳಿದ್ನಲ್ಲ."

"ಹೃದಯ ಚೆನ್ನಾಗಿದ್ರೆ ನೆರಳು ಯಾವ ಎದೇದು?"

ಡಾಕ್ಟರು ಮತ್ತೆ ಕಿಟಕಿ ನೋಡಿದರು. "ಅದೇ... ಹೊರಗಿಂದು. ಎಡಗಡೇದು. ಕ್ಯಾಮೆರಾಗೆ ಅಡ್ಡ ಬಂದಿತ್ತು."

"ಮೊಲೆ ಅನ್ನಿ. ಹೆತ್ತವಳದ್ದು ಕುಡಿದೇ ಬೆಳೆದೋರಲ್ವಾ, ಹೆಸರೆತ್ತಿದ್ರೆ ನಾಲಿಗೆ ಸುಡತ್ತಾ? ನಿಮ್ಮ ಮರ್ಯಾದೆಗೆ ನಾನು ಬದುಕಿದ್ದಾಗಲೇ ಹೆಣ ಆಗಿ ಮಲಗಿದ್ದೆ."

ದಾರಿಯುದ್ದಕ್ಕೂ ಡಾಕ್ಟರನ್ನು ಬೈದುಕೊಂಡು ಬಂದವಳಿಗೆ ಮನೆಯ ಹೊಸಿಲ ಹತ್ತಿರ ತನ್ನ ಮೇಲೆಯೇ ಅಸಹ್ಯವಾಯಿತು. ದಿನ ಬೆಳಗಾದರೆ ಹೆಂಗಸರ ಮೈಗೆ ಟೇಪು ಸುತ್ತಿ, "ಎದೆ ಇಷ್ಟು, ಸೊಂಟ ಇಷ್ಟು" ಎಂದು ಗಟ್ಟಿಯಾಗಿ ಕೂಗುತ್ತಿದ್ದವಳು ತಾನೇ ಅಲ್ಲವೇ?

ಓರಗಿತ್ತಿ ಯಂತ್ರದಿಂದ ತಲೆ ಎತ್ತಿದಳು. "ಏನಂದ್ರಕ್ಕ?"

"ನೆರಳು ಎದೇದೇ ಅಂತೆ."

"ಅಯ್ಯೋ ಪಾಪವೇ," ಎಂದು ಅವಳು ಸೆರಗನ್ನು ಕಣ್ಣಿಗೊತ್ತಿಕೊಂಡಳು. ಇನ್ನೊಂದು ಕೈ ಮಾತ್ರ ಚಕ್ರದ ಮೇಲೇ ಇತ್ತು.

ದರ್ಜಿಯಕ್ಕ ಮೊಳೆಯಿಂದ ಟೇಪು ತೆಗೆದು ಅವಳ ಮೊಲೆಗಳ ಮೇಲೆ ಸುತ್ತಿ ಬಿಗಿಯಾಗಿ ಎಳೆದಳು. "ಈ ಎದೆ ಕಣೇ. ಒಳಗಿಂದು ಗಟ್ಟಿಯಾಗಿದೆ. ಏಳು."

ಅವಳು ಎದ್ದ ಮೇಲೆ ದರ್ಜಿಯಕ್ಕ, ಯಂತ್ರದಲ್ಲಿ ಬಟ್ಟೆ ಸರಿಸುವ ಹಲ್ಲುಗಳ ಸಂದಿಯಲ್ಲಿ ಕೂತಿದ್ದ ಬಿಸ್ಕತ್ತಿನ ಪುಡಿಯನ್ನು ಸೂಜಿಯಿಂದ ಕೆದಕಿ ಕೆದಕಿ ತೆಗೆದಳು. ಚಕ್ರವನ್ನು ಒರೆಸಿ ಮೂಸಿದಳು, ಮುಖ ಸಿಂಡರಿಸಿ ಮತ್ತೆ ಒರೆಸಿದಳು.