ಡಾಕ್ಟರಮ್ಮನ ಜೀಪಿನ ರಾಡು

ಮೊನ್ನೆ ತಂಗಿಯ ಮೊಮ್ಮಗಳು ಪೇಪರಿನಲ್ಲಿ ಸುತ್ತಿದ್ದ ಒಂದು ಕಬ್ಬಿಣದ ರಾಡನ್ನು ತಂದು ಕುವೆಂಪುನಗರದ ನಮ್ಮ ಮನೆಯ ಹಾಲಿನಲ್ಲಿ ಬಿಚ್ಚಿದಳು. ಹೊಸ ಗ್ರೀಸಿನ ವಾಸನೆ ಅಡುಗೆಮನೆಯವರೆಗೂ ಹರಡಿತು. ಅವಳ ಹತ್ತಿರ ಒಂದು ಜೀಪಿದೆ. ರಜೆ ಸಿಕ್ಕರೆ ಗೆಳತಿಯರ ಜೊತೆ ಕಲ್ಲುದಾರಿ ಹುಡುಕಿಕೊಂಡು ಹೋಗುತ್ತಾಳೆ. ಜೀಪಿನ ಜೊತೆ ಬಂದ ಸ್ಟೀರಿಂಗ್ ರಾಡು ಸಾಲದೆಂದು ಇನ್ನೂ ದಪ್ಪದ್ದನ್ನು ಕೊಂಡು ತಂದಿದ್ದಳು. ನಾನು ಅದನ್ನು ಎತ್ತಿಕೊಂಡು ಉದ್ದಕ್ಕೂ ಉಗುರಿನಿಂದ ಕೆರೆದು ನೋಡಿದೆ.

"ಏನ್ ನೋಡ್ತಿದೀರಜ್ಜಿ?" ಎಂದಳು.

"ಎಲ್ಲಾದ್ರೂ ಬೆಸುಗೆ ಇದೆಯಾ ಅಂತ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು ತುದಿಯವರೆಗೂ ಕೆರೆದೇ ಕೆಳಗಿಟ್ಟೆ...

ಐವತ್ತರ ದಶಕದ ಮಾತು. ಮೈಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಹೆರಿಗೆ ವಾರ್ಡಿನ ನರ್ಸಾಗಿದ್ದೆ. ಅಲ್ಲಿದ್ದ ಒಬ್ಬರೇ ಲೇಡಿ ಡಾಕ್ಟರನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಜೀಪೊಂದು ಆಸ್ಪತ್ರೆಗೆ ಬಂದಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದನ್ನು ಅವರೇ ಓಡಿಸುತ್ತಿದ್ದರು. ಹಿನಕಲ್ ಆಗ ಊರಾಚೆಯ ಹಳ್ಳಿ. ಮಂಡಕಳ್ಳಿ ದಾಟಿದರೆ ಎತ್ತಿನ ಗಾಡಿಯ ಜಾಡೇ ರಸ್ತೆ. ಕಷ್ಟದ ಹೆರಿಗೆ ಎಂದು ಕರೆ ಬಂದರೆ ನಾವಿಬ್ಬರೂ ಹೊರಡುತ್ತಿದ್ದೆವು.

ಆ ಜೀಪಿಗೆ ಒಂದು ರೋಗವಿತ್ತು. ಮುಂದಿನ ಎರಡು ಚಕ್ರಗಳನ್ನೂ ಜೋಡಿಸುವ ರಾಡು ಕೆಳಗೆ ಇಳಿಬಿದ್ದಂತಿದ್ದು, ಕಲ್ಲಿಗೆ ತಗುಲಿದಾಗಲೆಲ್ಲ ಬಗ್ಗುತ್ತಿತ್ತು. ಬಗ್ಗಿದರೆ ಜೀಪು ತನ್ನಿಷ್ಟ ಬಂದ ಕಡೆ ಎಳೆಯುತ್ತಿತ್ತು. ಡಾಕ್ಟರಮ್ಮ ಅದನ್ನು ಮತ್ತೆ ಮತ್ತೆ ಸುತ್ತಿಗೆಯಿಂದ ಬಡಿಸಿ ನೇರ ಮಾಡಿಸುತ್ತಿದ್ದರು. "ತಿರುಗಿಸೋದು ನಾನು, ತಿರುಗೋದು ಚಕ್ರ. ನಡುವೆ ಇರೋದು ಇದೊಂದೇ ಕಣೇ," ಎನ್ನುತ್ತಿದ್ದರು.

ಕೊನೆಗೆ ಬೇರೆಯದೇ ಹಾಕಿಸಬೇಕೆಂದು ತೀರ್ಮಾನಿಸಿದರು. ಮಿಲಿಟರಿಯ ಹಳೇ ಸಾಮಾನಿನಲ್ಲಿ ಇಂಥದ್ದೇ ರಾಡು ಸಿಗುತ್ತಿತ್ತು, ಆದರೆ ಅದೂ ಹೀಗೇ ಬಗ್ಗುವಂಥದ್ದು. ಮದರಾಸಿನಲ್ಲಿ ಒಬ್ಬರು ಲಾರಿಗೆ ಹಾಕುವ ದಪ್ಪ ರಾಡನ್ನು, ಒಂದೇ ತುಂಡಿನದನ್ನು, ಜೀಪಿನ ಅಳತೆಗೆ ಮಾಡಿಕೊಡುತ್ತಿದ್ದರು. ಡಾಕ್ಟರಮ್ಮ ರಜೆಯಲ್ಲಿ ಅಲ್ಲಿಗೆ ಹೋದಾಗ ಅದನ್ನು ಕೈಯಲ್ಲಿ ಹಿಡಿದು ನೋಡಿ ಬಂದು, ಅದೇ ಬೇಕೆಂದು ಆಸ್ಪತ್ರೆ ನಡೆಸುವ ಸಮಿತಿಗೆ ಹೇಳಿದರು.

ಸಮಿತಿಯ ಅಧ್ಯಕ್ಷರ ಅಳಿಯ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ. ಕಪ್ಪು ಬಣ್ಣ ಬಳಿದು ಮಿರಮಿರ ಮಿಂಚುವ ಒಂದು ರಾಡು ಅಲ್ಲಿಂದ ಬಂತು. ಅಧ್ಯಕ್ಷರೇ ಅದನ್ನು ಹಿಡಿದುಕೊಂಡು ಬಂದರು. ಡಾಕ್ಟರಮ್ಮ ಬ್ಲೇಡಿನಿಂದ ಬಣ್ಣ ಕೆರೆದು, ನಟ್ಟನಡುವೆ ಇದ್ದ ಬೆಸುಗೆಯ ಗಂಟನ್ನು ಅವರಿಗೆ ತೋರಿಸಿದರು.

"ಇದು ಎರಡು ತುಂಡು ಸೇರ್ಸಿರೋದು. ಇದನ್ನ ಹಾಕಿದ್ರೆ ನಾನು ಓಡ್ಸಲ್ಲ."

"ನೀವು ನಾಡಿ ನೋಡಿ ಡಾಕ್ಟ್ರೇ, ಕಬ್ಬಿಣ ನಾವು ನೋಡ್ಕೋತೀವಿ," ಎಂದು ಅವರು ನಕ್ಕರು. ಜೊತೆಗಿದ್ದವರೂ ನಕ್ಕರು.

ಮರುದಿನ ಡಾಕ್ಟರಮ್ಮ ಆಪರೇಷನ್ನಿನಲ್ಲಿದ್ದಾಗ ಅಧ್ಯಕ್ಷರು ಹಳೆಯದನ್ನು ಕಳಚಿ ಗುಜರಿಗೆ ಹಾಕಿಸಿ, ಆ ಬೆಸುಗೆಯ ರಾಡನ್ನೇ ಕೂಡಿಸಿಬಿಟ್ಟರು. ಡಾಕ್ಟರಮ್ಮ ಜೀಪಿನ ಬೀಗದ ಕೈಯನ್ನು ಮೇಜಿನ ಡ್ರಾಯರಿಗೆ ಹಾಕಿ, ಜೀಪು ಮುಟ್ಟುವುದನ್ನೇ ಬಿಟ್ಟರು.

ಹಾಗೇ ಇದ್ದುಬಿಟ್ಟಿದ್ದರೆ... ಆದರೆ ಒಂದು ಬೆಳಿಗ್ಗೆ ಮಂಡಕಳ್ಳಿಯಾಚೆಯ ಹಳ್ಳಿಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. "ನಮ್ಮ ಅತ್ಗೆಗೆ ಮಗೀನ ಕೈ ಮುಂದಕ್ ಬಂದ್ಬುಟ್ಟದೆ ಕಣ್ರವ್ವ. ಸೂಲಗಿತ್ತಿ ನನ್ ಕೈಲಾಗಕ್ಕಿಲ್ಲ ಅಂದ್ಬುಟ್ಳು," ಎಂದು ಕೈ ಮುಗಿದ. ಜಟಕಾದಲ್ಲಿ ಹೋದರೆ ಮುಟ್ಟುವಷ್ಟರಲ್ಲಿ ಅವಳು ಉಳಿಯುತ್ತಿರಲಿಲ್ಲ. ಡಾಕ್ಟರಮ್ಮ ಬಗ್ಗಿ ಜೀಪಿನ ಕೆಳಗೆ ನೋಡಿದರು. ಎದ್ದು ನನ್ನ ಮುಖ ನೋಡಿದರು.

"ನಿಧಾನವಾಗಿ ಹೋಗೋಣ," ಎಂದರು.

ನಿಧಾನವಾಗಿಯೇ ಹೋದೆವು. ಹಳ್ಳಿ ಕಾಣುತ್ತಿತ್ತು. ಹಳ್ಳಕ್ಕೆ ಇಳಿಯುವಾಗ ಕೆಳಗೆ ಟಣ್ಣೆಂದು ಸದ್ದಾಯಿತು. ಒಂದು ಚಕ್ರ ಅತ್ತ, ಒಂದು ಇತ್ತ ತಿರುಗಿಕೊಂಡಿತು. ಜೀಪು ದಡದ ಬಂಡೆಗೆ ಗುದ್ದಿತು. ಸ್ಟೀರಿಂಗ್ ಗರ್ರನೆ ತಿರುಗಿ ಅವರ ಬಲಗೈಯನ್ನು ಮಣಿಕಟ್ಟಿನ ಬಳಿ ಮುರಿದುಹಾಕಿತು. ಅವರು ನನ್ನಿಂದ ಸೆರಗಿನ ಅಂಚು ಹರಿಸಿ ಕೈ ಕಟ್ಟಿಸಿಕೊಂಡು, "ಪೆಟ್ಟಿಗೆ ಎತ್ಕೋ, ನಡಿ," ಎಂದರು.

ಆ ಗುಡಿಸಲಿನಲ್ಲಿ ಕೈ ನನ್ನದು, ದನಿ ಅವರದು. ಒಳಗೆ ಮಗುವನ್ನು ತಿರುಗಿಸುವುದನ್ನು ನಾನು ನೋಡಿದ್ದೆನೇ ಹೊರತು ಎಂದೂ ಮಾಡಿರಲಿಲ್ಲ. "ಹೆದರ್ಬೇಡ. ಕಾಲು ಹುಡುಕು. ಅದು ಮೊಣಕೈ, ಬಿಡು. ಇನ್ನೂ ಮೇಲಕ್ಕೆ... ಹಿಮ್ಮಡಿ ಸಿಗ್ತಾ? ಈಗ ನಿಧಾನ." ಅವರ ಮುಖ ಬೆವೆತು ಬೂದಿಯ ಬಣ್ಣಕ್ಕೆ ತಿರುಗಿತ್ತು. ದನಿ ಮಾತ್ರ ನಡುಗಲಿಲ್ಲ. ಮಗು ನೀಲಿಯಾಗಿ ಬಂತು, ಬೆನ್ನು ತಟ್ಟಿದ ಮೇಲೆ ಅತ್ತಿತು. ತಾಯಿಯೂ ಉಳಿದಳು. ಆಮೇಲೆಯೇ ಡಾಕ್ಟರಮ್ಮ ಗೋಡೆಗೊರಗಿ ಪ್ರಜ್ಞೆ ತಪ್ಪಿದ್ದು.

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಆ ಕೈಯಲ್ಲಿ ಕತ್ತರಿ ನಿಲ್ಲುತ್ತಿರಲಿಲ್ಲ. ಸಮಿತಿ ಸೇರಿದ ದಿನ ಅವರು ಮುರಿದ ರಾಡಿನ ಎರಡು ತುಂಡುಗಳನ್ನೂ ನನ್ನ ಕೈಯಲ್ಲಿ ಹೊರಿಸಿಕೊಂಡು ಹೋಗಿ ಮೇಜಿನ ಮೇಲೆ ಇಡಿಸಿದರು. ಬೆಸುಗೆ ಬಿಟ್ಟ ಜಾಗ ಎಲ್ಲರಿಗೂ ಕಾಣುವಂತಿತ್ತು.

ಅಧ್ಯಕ್ಷರು ಅದರ ಕಡೆ ನೋಡಲೇ ಇಲ್ಲ. "ಹೆಂಗಸರು ಗಾಡಿ ಓಡಿಸಿದ್ರೆ ಇನ್ನೇನಾಗುತ್ತೆ? ನಾನು ಮೊದ್ಲಿಂದ್ಲೂ ಬೇಡ ಅಂತಿದ್ದೆ," ಎಂದರು.

"ಮೊದಲು ಮುರಿದಿದ್ದು ಇದು. ಆಮೇಲೆ ನನ್ನ ಕೈ," ಎಂದರು ಡಾಕ್ಟರಮ್ಮ.

ಯಾರೂ ಆ ತುಂಡುಗಳನ್ನು ಮುಟ್ಟಲಿಲ್ಲ. ವಕೀಲರಿದ್ದರು, ಮೇಷ್ಟ್ರಿದ್ದರು, ಇವರಿಂದಲೇ ಹೆಂಡತಿಯ ಹೆರಿಗೆ ಮಾಡಿಸಿಕೊಂಡವರಿದ್ದರು. ಕಾಫಿ ಬಂತು, ಕುಡಿದರು. ಜೀಪನ್ನು ಮಾರುವುದೆಂದು ತೀರ್ಮಾನವಾಯಿತು. ಹಳ್ಳಿಯ ಹೆಂಗಸರು ಏನಾಗಬೇಕೆಂದು ಒಬ್ಬರೂ ಕೇಳಲಿಲ್ಲ. ಮುಂದಿನ ತಿಂಗಳು ಡಾಕ್ಟರಮ್ಮನಿಗೆ ಶಾಲು ಹೊದಿಸಿ, ಹಾರ ಹಾಕಿ, ಸೇವೆಯನ್ನು ಹೊಗಳಿ ಮನೆಗೆ ಕಳಿಸಿದರು. ಹೊಗಳಿದವರು ಅದೇ ಅಧ್ಯಕ್ಷರು. ಡಾಕ್ಟರಮ್ಮ ತಲೆ ತಗ್ಗಿಸಿ ನಿಂತು ಆ ಶಾಲು ಹೊದಿಸಿಕೊಂಡರು.

ಅದಕ್ಕೆ ನನಗೆ ಅವರ ಮೇಲೂ ಕೋಪ. ಕಿತ್ತು ಅವನ ಮುಖದ ಮೇಲೆ ಎಸೆಯಬೇಕಿತ್ತು. ಹೊರಗೆ ಬಂದು ಹಾಗೇ ಅಂದೆ.

"ಸುಸ್ತಾಗಿದೆ ಕಣೇ," ಎಂದಷ್ಟೇ ಅಂದರು.

ಆಮೇಲೆ ಅವರು ಅಣ್ಣನ ಮನೆಯಲ್ಲಿದ್ದುಕೊಂಡು, ನಡೆಯಲು ಆಗುವಷ್ಟು ದೂರದ ಹಳ್ಳಿಗಳಿಗೆ ಹೋಗಿ ಸೂಲಗಿತ್ತಿಯರಿಗೆ ಪಾಠ ಹೇಳಿಕೊಡುತ್ತಿದ್ದರೆಂದು ಕೇಳಿದೆ. ಅಷ್ಟರಲ್ಲಿ ನಾನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅವರು ತೀರಿಕೊಂಡ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಕಳೆದ ವರ್ಷ ರಕ್ತ ಪರೀಕ್ಷೆಗೆಂದು ಅದೇ ಆಸ್ಪತ್ರೆಗೆ ಹೋಗಿದ್ದೆ. ಬಾಗಿಲ ಎದುರಿಗೇ ಅಧ್ಯಕ್ಷರ ದೊಡ್ಡ ಫೋಟೋ ಇದೆ, ಗಂಧದ ಹಾರ ಹಾಕಿದ್ದಾರೆ. ಡಾಕ್ಟರಮ್ಮನ ಫೋಟೋ ಎಲ್ಲೂ ಇಲ್ಲ. ಕೌಂಟರಿನ ಹುಡುಗಿಯನ್ನು ಕೇಳಿದೆ; "ಯಾವ ಡಾಕ್ಟರಮ್ಮ?" ಎಂದಳು. ನನ್ನ ಹತ್ತಿರವೂ ಒಂದು ಫೋಟೋ ಇಲ್ಲ. ಈಚೆಗೆ ಅವರ ಮುಖ ಮಸುಕಾಗುತ್ತಿದೆ. ಕಣ್ಣು ಮುಚ್ಚಿ ಹುಡುಕಿದರೆ ಮೂಗು ಸಿಗುತ್ತದೆ, ಹಣೆ ಸಿಗುತ್ತದೆ, ಎಲ್ಲ ಕೂಡಿ ಬರುವುದಿಲ್ಲ. ಆ ಅಧ್ಯಕ್ಷನ ಮುಖ ಮಾತ್ರ ಕರೆಯದಿದ್ದರೂ ಬಂದು ನಿಲ್ಲುತ್ತದೆ, ಹಲ್ಲಿನ ಎಲೆಅಡಿಕೆ ಕಲೆಯ ಸಮೇತ.