ಮಣಿಕಟ್ಟಿನ ತಿಮ್ಮಸಾಮಿ

ಡಾಕ್ಟರ್ ತಿಮ್ಮಸಾಮಿ ಕೈಕುಲುಕಿದರೆ ಬೇಗ ಬಿಡುತ್ತಿರಲಿಲ್ಲ. ಊಟ, ಮಳೆ, ಬಸ್ಸು ಎಂದು ಏನೇನೋ ವಿಚಾರಿಸುತ್ತಿರುವಾಗಲೇ ಅವರ ಹೆಬ್ಬೆರಳು ನಮ್ಮ ಮಣಿಕಟ್ಟಿನ ಮೂಳೆಗಳ ನಡುವೆ ಓಡಾಡುತ್ತಿತ್ತು. ಮದುವೆಮನೆಯಲ್ಲಿ ಅವರನ್ನು ಬಲ್ಲವರು ದೂರದಿಂದಲೇ ಕೈಮುಗಿದು ಪಾರಾಗುತ್ತಿದ್ದರು.

ನಾನು ಪಾರಾಗುವ ಸ್ಥಿತಿಯಲ್ಲಿರಲಿಲ್ಲ. ಈ ಶತಮಾನದ ಮೊದಲ ವರ್ಷಗಳವು. ಧಾರವಾಡದಲ್ಲಿ ಓದು ಮುಗಿಸಿ ಕೊಯಮತ್ತೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಬಲ ಮಣಿಕಟ್ಟಿನ ನೋವು ಹೆಚ್ಚಿ ಬೋರ್ಡಿನ ಮೇಲೆ ಬರೆಯಲು ಆಗದಂತಾಯಿತು. ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ ಎನ್ನಿಸಿಕೊಂಡು ಕೊನೆಗೆ ಅದೇ ಊರಿನ ಸಿಂಗಾನಲ್ಲೂರು ಬಡಾವಣೆಯ ಅವರ ಕ್ಲಿನಿಕ್ಕಿಗೆ ಹೋದೆ. ನನ್ನ ಹರಕು ತಮಿಳು ಕೇಳಿ, "ಕನ್ನಡದಲ್ಲೇ ಸೊಲ್ಲಪ್ಪಾ" ಎಂದರು. ಅವರದು ಮಡತ್ತುಕುಳಂ ಕಡೆಯ ಬೇಸಾಯದ ಮನೆತನ. ಮನೆಮಾತು ಕನ್ನಡವಾದರೂ ಅದರ ಒಂದಕ್ಷರ ಓದಲು ಬರುತ್ತಿರಲಿಲ್ಲ.

ಮಣಿಕಟ್ಟಿನ ಮೇಲ್ಬದಿಯಲ್ಲಿ ಒಂದು ಗುಳಿ ಒತ್ತಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಕೂರು ತಂಬಿ. ಇದು ಉಳುಕಲ್ಲ."

ಸ್ಕ್ಯಾನ್ ಅವರ ಮಾತನ್ನೇ ಹೇಳಿತು. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳ ನಡುವೆ ಅರ್ಧಚಂದ್ರದಂಥದೊಂದು ಇದೆ. ರಕ್ತ ಸಾಲದೆ ಅದು ಸಾಯುತ್ತಿತ್ತು. ಅಪರೂಪದ ಕಾಯಿಲೆ.

"ನಮ್ಮ ಅಮರಾವತಿ ವಾಯ್ಕಾಲಿನ ಕಡೇ ಗದ್ದೆ ನೋಡಿದೀಯಾ? ಮೇಲಿನೋರು ಹಾಯಿಸಿಕೊಂಡು ಮಿಕ್ಕಿದ ನೀರು ಅದಕ್ಕೆ. ಈ ಎಲುಬೂ ಅಷ್ಟೇ."

ಹೀಗೆಯೇ ಹೇಳಿದರೇ? ನನಗೆ ಅನುಮಾನ. ಆ ಕಾಲುವೆಯನ್ನು ನಾನು ಕಂಡದ್ದು ಎಷ್ಟೋ ಆಮೇಲೆ. ಕಂಡಮೇಲೆ ಈ ಮಾತನ್ನು ನಾನೇ ಅವರ ಬಾಯಿಗೆ ಹಾಕಿರಲೂಬಹುದು. ಆದರೆ ಅವರು ಪೆನ್ನಿನಿಂದ ನನ್ನ ಮಣಿಕಟ್ಟಿನ ಮೇಲೆ ಇಟ್ಟ ನೀಲಿ ಚುಕ್ಕೆ ಸುಳ್ಳಲ್ಲ. ಅದನ್ನು ಸೋಪು ಹಾಕಿ ತಿಕ್ಕಿದ್ದು ನೆನಪಿದೆ.

ಬೇರೊಬ್ಬ ತಜ್ಞರು ಮಣಿಕಟ್ಟಿನ ಮೂಳೆಗಳನ್ನೆಲ್ಲ ಬೆಸೆದುಬಿಡೋಣ ಎಂದಿದ್ದರು. ನೋವು ಹೋಗುತ್ತದೆ, ಕೈ ಮಾತ್ರ ಇನ್ನು ಬಾಗದು. ನನಗಿನ್ನೂ ಮೂವತ್ತು ತುಂಬಿರಲಿಲ್ಲ. ತಿಮ್ಮಸಾಮಿಯವರ ದಾರಿ ಬೇರೆ: ಮುಂದೋಳಿನ ಎರಡು ಮೂಳೆಗಳಲ್ಲಿ ಮಣಿಕಟ್ಟಿನತ್ತ ಹೆಚ್ಚು ಮುಂದೆ ಚಾಚಿದ ಒಂದನ್ನು ಕೊಂಚ ಕತ್ತರಿಸಿ, ಲೋಹದ ಪಟ್ಟಿ ಹಾಕಿ ಕೂಡಿಸುವುದು. ಸಾಯುತ್ತಿರುವ ಮೂಳೆಯ ಮೇಲಿನ ಭಾರ ಇಳಿದರೆ ಅದು ಉಳಿದೀತು.

"ಇದು ಯಾಕೆ ಬರುತ್ತೆ ಸಾರ್?"

"ಸರಿಯಾಗಿ ಯಾರಿಗೂ ತಿಳೀದು."

"ಆಪರೇಷನ್ ಮಾಡಿದ್ರೆ ಗ್ಯಾರಂಟಿನಾ?"

"ಗ್ಯಾರಂಟಿ ಬೇಕಂದ್ರೆ ಅಂಗಡಿಗೆ ಹೋಗಿ ಗ್ರೈಂಡರ್ ವಾಂಗು. ನಮ್ಮ ಕೊಯಮತ್ತೂರಲ್ಲಿ ಒಳ್ಳೇದು ಸಿಗುತ್ತೆ."

ಎಲ್ಲವನ್ನೂ ಶಂಕಿಸುವ ನಾನು ಆ 'ತಿಳೀದು' ಎಂಬುದನ್ನು ನಂಬಿ ಒಪ್ಪಿಕೊಂಡೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರು ಕೊಟ್ಟ ವ್ಯಾಯಾಮವೇ ತಮಾಷೆ. ಹೋಟೆಲಿನಿಂದ ಬಿಸಿ ಕಾಫಿ ತರಿಸಿ, ಲೋಟದಿಂದ ಡಬರಾಕ್ಕೆ ಎತ್ತಿ ಹೊಯ್ದು ಆರಿಸಿಕೊಡು ಎನ್ನುತ್ತಿದ್ದರು. ಅರ್ಧ ಮೇಜಿಗೆ, ಒಮ್ಮೆಯಂತೂ ಅವರ ಬಿಳಿ ಅಂಗಿಗೆ. ನರ್ಸಮ್ಮ ತಮಿಳಿನಲ್ಲಿ ಗೊಣಗಿದರೆ, "ಮೇಜು ಒರೆಸಬಹುದಮ್ಮಾ, ಈ ಕಾಲೇಜು ವಾದ್ಯಾರ್ ಕೈ ಒರೆಸಿದ್ರೆ ಸರಿಹೋಗುತ್ತಾ?" ಎಂದು ಆಕೆಗೆ ಅರ್ಥವಾಗದ ಕನ್ನಡದಲ್ಲೇ ಜವಾಬು ಕೊಡುತ್ತಿದ್ದರು. ಪೂರ್ತಿ ಲೋಟ ನಾನು ಚೆಲ್ಲದೆ ಆರಿಸಿದ ದಿನ ಅವರು ಕುಡಿದು ಲೋಟ ಕೆಳಗಿಟ್ಟು, ಸಕ್ಕರೆ ಕಮ್ಮಿ ಎಂದರು.

ಕಡೆಯ ಸಲ ಹೋದಾಗ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಮೂಳೆ ಇನ್ನಷ್ಟು ಕುಸಿದಿಲ್ಲ ಎಂದು ತೋರಿಸಿದರು. ನನ್ನ ಬುದ್ಧಿ ಸುಮ್ಮನಿರಬೇಕಲ್ಲ.

"ಸಾರ್, ಇದು ನಿಮ್ಮ ಆಪರೇಷನ್ನಿಂದ ನಿಂತಿದ್ದಾ, ಅಥವಾ ತಾನೇ ನಿಲ್ತಿತ್ತಾ?"

"ಅದೇ ಕೈಯನ್ನ ಆಪರೇಷನ್ ಮಾಡದೆ ಇನ್ನೊಂದ್ಸಲ ನೋಡಕ್ಕಾಗುತ್ತಾ? ನೀ ಮನೇಲಿ ಕೂತು ಯೋಚನೆ ಮಾಡು. ಹೊರಗೆ ಜನ ಕಾಯ್ತಾವ್ರೆ."

ಮುಂದಿನ ಬೇಸಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಬಸ್ಸು ಹಿಡಿದು ಮಡತ್ತುಕುಳಂ ಮುಟ್ಟುವಷ್ಟರಲ್ಲಿ ಅವರನ್ನು ತೋಟದ ಅಂಚಿನ ಗುಂಡಿಗೆ ಇಳಿಸಿಯಾಗಿತ್ತು. ಹಿರಿಯರೊಬ್ಬರು "ನೀನೂ ಹಾಕಪ್ಪಾ" ಎಂದರು. ಬಲಗೈಯಲ್ಲಿ ಒಂದು ಹಿಡಿ ಮಣ್ಣು ಎತ್ತಿ, ಮಣಿಕಟ್ಟು ಬಾಗಿಸಿ ಸುರಿದೆ. ನೋವಾಯಿತೋ ಇಲ್ಲವೋ ಈಗ ನೆನಪಿಲ್ಲ. ಬಾಗಿತ್ತು, ಅಷ್ಟು ಮಾತ್ರ ಖಂಡಿತ.