ಗಲ್ಲಿಗೆ ಅಡ್ಡ ಇಟ್ಟ ಕುರ್ಚಿಗಳು

ಸಾಕಮ್ಮನ ಅಜ್ಜ ಸಿದ್ದಪ್ಪಾಜಿ ನರಸೀಪುರದ ಕಡೆಯಿಂದ ಎತ್ತಿನ ಗಾಡಿ ಹೊಡೆದುಕೊಂಡು ಮೈಸೂರಿಗೆ ಬಂದವನು. ಮಂಡಿಯಲ್ಲಿ ಮೂಟೆ ಹೊತ್ತು ಬೆನ್ನು ಸವೆಸಿ, ಮಂಡಿ ಮೊಹಲ್ಲಾದ ಹಿಂಬದಿಯ ಗಲ್ಲಿಯಲ್ಲಿ ಗೇಣು ಜಾಗ ಮಾಡಿಕೊಂಡ. ಮಳೆ ಬಂದರೆ ಮೊಣಕಾಲುದ್ದ ಕೆಸರಾಗುತ್ತಿದ್ದ ಗಲ್ಲಿಗೆ ಗಾಡಿಗಟ್ಟಲೆ ಮಣ್ಣು ತಂದು ಸುರಿದು ಮಟ್ಟ ಮಾಡಿದವನೂ ಅವನೇ. ಅವನ ಮಗ ಜವರಪ್ಪ ಮನೆ ಮುಂದೆ ಕಲ್ಲಿನ ಜಗಲಿ ಕಟ್ಟಿದ. ಜವರಪ್ಪನ ಹೆಂಡತಿ ಸುಂದರಮ್ಮ ಆ ಜಗಲಿಯ ಮೇಲೆ ಅಕ್ಕಿ ಆರಿಸುತ್ತಲೇ ಬೀದಿಯ ಮಕ್ಕಳನ್ನೆಲ್ಲ ಕಾದಳು. ಒಮ್ಮೆ ಬೆದರಿದ ಜಟಕಾ ಕುದುರೆ ಗಲ್ಲಿಗೆ ನುಗ್ಗಿದಾಗ, ಕೈಯಲ್ಲಿದ್ದ ಮೊರವನ್ನೇ ಅಡ್ಡ ಹಿಡಿದು ನಿಂತು ಅದನ್ನು ಹಿಂದಕ್ಕೆ ತಿರುಗಿಸಿದ್ದಳು.

ಇಂಥವರ ಮಗಳು ಸಾಕಮ್ಮ. ತಾಯಿ ಹೋದ ಮೇಲೆ ಜಗಲಿಯೂ ಮಕ್ಕಳೂ ಅವಳ ಪಾಲಿಗೆ ಬಂದವು. ಗಲ್ಲಿಯ ತಾಯಂದಿರು ‘ಸಾಕಮ್ಮ ಕೂತವ್ಳೆ’ ಎಂದು ಒಂದು ಮಾತು ಹೇಳಿ ಒಲೆಯ ಕಡೆ ತಿರುಗಿಬಿಡುತ್ತಿದ್ದರು. ಗಲ್ಲಿಯ ಕೊನೆಗೆ ಒಂದು ಹಳೇ ಗೋಡೆಯಿತ್ತು. ಅದರಾಚೆ ಮಾರುಕಟ್ಟೆಯ ರಸ್ತೆ, ಈಚೆ ಮಕ್ಕಳ ರಾಜ್ಯ. ಗಾಡಿ ಬಂದರೆ ಹೋಗಲು ದಾರಿಯಿಲ್ಲ, ಆದ್ದರಿಂದ ಗಾಡಿಯೇ ಬರುತ್ತಿರಲಿಲ್ಲ.

ಆಮೇಲೆ ಅಭಿವೃದ್ಧಿ ಬಂತು. ಮಣ್ಣಿನ ಮೇಲೆ ಕಾಂಕ್ರೀಟ್ ಬಿತ್ತು. ಗೋಡೆ ಒಡೆದು ಗಲ್ಲಿಯನ್ನು ರಸ್ತೆಗೆ ಕೂಡಿಸಿದರು, ಮೈಸೂರುಪಾಕು ಹಂಚಿದರು. ಗಲ್ಲಿಯವರೂ ಬಾಯಿ ಸಿಹಿ ಮಾಡಿಕೊಂಡು ಚಪ್ಪಾಳೆ ತಟ್ಟಿದರು. ಮಾರನೆಯ ದಿನದಿಂದಲೇ ಬೈಕು, ಗೂಡ್ಸ್ ಆಟೋ ಎಲ್ಲಕ್ಕೂ ಅದೇ ಅಡ್ಡದಾರಿಯಾಯಿತು. ಒಂದು ಸಂಜೆ ಕುಂಟೆಬಿಲ್ಲೆ ಆಡುತ್ತಿದ್ದ ಸಾಕಮ್ಮನ ಮೊಮ್ಮಗಳು ಲಾಸ್ಯಳ ಲಂಗ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿ, ಮಗು ಮುಗ್ಗರಿಸಿ ಗಲ್ಲ ಸೀಳಿಕೊಂಡಿತು. ಬೈಕಿನವನು ತಿರುಗಿಯೂ ನೋಡಲಿಲ್ಲ. ಅಂದಿನಿಂದ ಗಲ್ಲಿಯ ಮಕ್ಕಳೆಲ್ಲ ಬಾಗಿಲ ಒಳಗೆ.

ಸೊಸೆ ಧರಣಿ ಮಗಳ ಕೈಗೆ ಮೊಬೈಲು ಕೊಟ್ಟು ಕೂರಿಸಿದಳು. ಸಾಕಮ್ಮನಿಗೆ ಮೈಯೆಲ್ಲ ಉರಿಯಿತು.

“ಮಗೂನ ಜಾಡೀಲಿ ಹಾಕಿ ಬಾಯಿ ಕಟ್ಟಿಟ್ಟಿದ್ದೀಯಲ್ಲ, ಉಪ್ಪಿನಕಾಯಿ ಹಾಕ್ತಿದ್ದೀಯಾ?”

“ಇನ್ನೇನ್ ಮಾಡ್ಲಿ ಅತ್ತೆ? ಬೈಕಿನ ಗಾಲಿ ಕೆಳಗೆ ಬುಡ್ಲಾ?”

ಸಾಕಮ್ಮ ಅದಕ್ಕೆ ಉತ್ತರ ಹುಡುಕಿಕೊಂಡು ಲಾಸ್ಯಳನ್ನೂ ಇನ್ನಷ್ಟು ಮಕ್ಕಳನ್ನೂ ಕೈಹಿಡಿದು ಪಕ್ಕದ ಬಡಾವಣೆಯ ಪಾರ್ಕಿಗೆ ಹೋದಳು. ಗೇಟಿನಲ್ಲೇ ಫಲಕ: ಹುಲ್ಲು ತುಳಿಯಬೇಡಿ, ಚೆಂಡು ತರಬೇಡಿ, ಗಲಾಟೆ ಮಾಡಬೇಡಿ. ಒಳಗೆಲ್ಲ ಟೈಲ್ಸು, ಅದರ ಮೇಲೆ ಹೊಟ್ಟೆ ಕರಗಿಸುವ ಹಿರಿಯರು. ಪಾರ್ಕಿನ ಸಮಿತಿಯ ಅಧ್ಯಕ್ಷ ಮಹದೇವಸ್ವಾಮಿ ಎದುರಿಗೇ ಬಂದರು. ನಿವೃತ್ತರು, ಮಾತು ಮೆತ್ತಗೆ.

“ನೋಡಿ ತಾಯಿ, ಇದು ವಾಕಿಂಗ್ ಮಾಡೋರಿಗೆ ಅಂತ ಮಾಡಿರೋದು. ಮಕ್ಕಳು ಬಂದ್ರೆ ಗಿಡ ಉಳಿಯಲ್ಲ.”

“ಮಕ್ಕಳು ಬರಬಾರ್ದು ಅನ್ನಕೆ ಇದೇನು ಮಸಣವಾ ಸ್ವಾಮಿ? ಅಲ್ಲಾದ್ರೂ ಯಾರೂ ಬೇಡ ಅನ್ನಲ್ಲ!”

ಎಂದವಳೇ ಮಕ್ಕಳನ್ನು ತಿರುಗಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಬೈಗುಳ. ಗೋಡೆ ಒಡೆದವರಿಗೆ, ಟೈಲ್ಸು ಹಾಕಿದವರಿಗೆ, ಮೈಸೂರುಪಾಕು ತಿಂದ ತನ್ನ ಬಾಯಿಗೂ.

ಎದುರುಮನೆಯ ಫರೀದಾಬಿಯ ಮಗನದು ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಅವರ ಪಡಸಾಲೆಯ ತುಂಬ ಪ್ಲಾಸ್ಟಿಕ್ ಕುರ್ಚಿ. ಮಾರನೆಯ ಸಂಜೆ ಸಾಕಮ್ಮ ಕೇಳಿದ್ದೇ ತಡ, ಫರೀದಾಬಿಯೇ ಸೆರಗು ಸಿಕ್ಕಿಸಿಕೊಂಡು ಬಂದಳು. ಇಬ್ಬರೂ ಸೇರಿ ಮೊದಲು ಗೋಡೆಯಿದ್ದ ಕಡೆ ಸಾಲಾಗಿ ಕುರ್ಚಿ ಇಟ್ಟರು. ಸೊಳ್ಳೆ ಕಾಟಕ್ಕೆಂದು ಸಾಕಮ್ಮ ಮನೆ ಬಾಗಿಲ ಮುಂದೆ ಹಳೇ ಬಾಣಲೆಯಲ್ಲಿ ತೆಂಗಿನ ಸಿಪ್ಪೆಗೆ ಕೆಂಡ ಹಾಕಿ ಹೊಗೆಯೆಬ್ಬಿಸಿದಳು. ನಂತರ ಮಕ್ಕಳನ್ನು ಕೂಗಿದಳು.

ಬೈಕಿನವರು ಬಂದರು. ಹಾರನ್ ಹೊಡೆದು ಜಗಳಕ್ಕೆ ನಿಲ್ಲುತ್ತಾರೆಂದು ಸಾಕಮ್ಮ ಸೊಂಟ ಬಿಗಿದು ಕಾದಿದ್ದರೆ, ಮೊದಲು ಬಂದವನು ಕುರ್ಚಿ ನೋಡಿದ, ಹೊಗೆ ನೋಡಿದ, ಎಂಜಿನ್ ಆರಿಸಿ ಸದ್ದಿಲ್ಲದೆ ಬೈಕು ತಿರುಗಿಸಿದ. ಎರಡನೆಯವನು ಹೆಲ್ಮೆಟ್ ತೆಗೆದು ತಲೆ ಬಾಗಿಸಿ ಹೋದ. ಗೂಡ್ಸ್ ಆಟೋದವನು ಇಳಿದು ಬಂದು ದನಿ ತಗ್ಗಿಸಿ ಕೇಳಿದ.

“ಯಾರಮ್ಮ ಹೋಗಿದ್ದು? ವಯಸ್ಸಾಗಿತ್ತಾ?”

ಸಾಕಮ್ಮನಿಗೆ ಆಗ ಹೊಳೆಯಿತು. ಬಾಗಿಲಲ್ಲಿ ಹೊಗೆ, ಬೀದಿಯಲ್ಲಿ ಕುರ್ಚಿ. ಸಾವಿನ ಮನೆಯೆನ್ನಲು ಇನ್ನೇನು ಬೇಕು?

“ಹೂಂ ಕಣಪ್ಪ. ನೀನು ಬಳಸ್ಕೊಂಡು ಹೋಗು.”

ಕೆಲಸದಿಂದ ಬಂದ ಧರಣಿ ಹೌಹಾರಿದಳು. “ಅತ್ತೆ! ಬದುಕಿರೋರ ಮನೆ ಮುಂದೆ ಹೊಗೆ ಹಾಕಿದ್ದೀರಲ್ಲ, ಅಪಶಕುನ!”

“ಲಂಗ ಸಿಕ್ಕಿ ಮಗು ಬಿತ್ತಲ್ಲ, ಅದ್ಯಾವ ಶಕುನ? ಬದುಕಿರೋ ಮಕ್ಕಳಿಗೆ ದಾರಿ ಬುಡದ ಜನ ಹೆಣಕ್ಕಾದ್ರೆ ಬುಡ್ತಾರೆ. ಹೆಣದ ಹೆಸರು ಹೇಳ್ಕೊಂಡೇ ಆಡ್ಲಿ ಬುಡು.”

“ತೌಬಾ ತೌಬಾ, ಎಂಥ ಮಾತು ಸಾಕಕ್ಕ!” ಎಂದ ಫರೀದಾಬಿ ನಕ್ಕು ನಕ್ಕು ಕುರ್ಚಿಯಲ್ಲೇ ಕುಸಿದಳು.

ದಿನಾ ಸಂಜೆ ಅದೇ ನಡೆಯಿತು. ಕುರ್ಚಿ ಇದ್ದಲ್ಲಿ ಕೂರುವವರು ಬರದೇ ಇರುತ್ತಾರೆಯೇ? ಸೊಪ್ಪು ಬಿಡಿಸುವವರು, ಹೂ ಕಟ್ಟುವವರು, ಬರೀ ಬಾಯಿ ಆಡಿಸುವವರು, ಗಲ್ಲಿಯ ಹೆಂಗಸರೆಲ್ಲ ಬಂದು ಕೂತರು. ಅಮ್ಮಂದಿರು ಹೊರಗೆ ಬಂದ ಮೇಲೆ ಮಕ್ಕಳನ್ನು ಒಳಗೆ ಹಿಡಿಯುವವರಾರು? ಲಾಸ್ಯ ಗಲ್ಲದ ಪಟ್ಟಿಯನ್ನೂ ಮರೆತು ಓಡಿದಳು.

ಆದರೆ ಸಾವಿನ ಸುದ್ದಿಗೂ ಕಾಲಿರುತ್ತದೆ. ಅದು ಪಾರ್ಕಿಗೆ ಹೋಗಿ, ಅಲ್ಲಿಂದ ಸೇವಂತಿಗೆ ಹಾರ ಹಿಡಿದ ಮಹದೇವಸ್ವಾಮಿಯವರಾಗಿ ಗಲ್ಲಿಗೆ ಬಂತು. ಮುಖ ಸಪ್ಪೆ ಮಾಡಿಕೊಂಡು ಬಂದವರಿಗೆ ಎದುರಾದದ್ದು ಹಿತಕಿದ ಬೇಳೆಗೆ ಅವರೆಕಾಳು ಹಿಸುಕುತ್ತಿದ್ದ ಸಾಕಮ್ಮ.

“ಅಯ್ಯೋ, ನೀವೇ ಹೋಗ್ಬುಟ್ರಿ ಅಂದ್ರಲ್ಲಮ್ಮ!”

“ಹೋಗಿದ್ದೆ ಸ್ವಾಮಿ, ಅಲ್ಲೂ ಗೇಟಿಗೆ ಬೀಗ ಹಾಕಿತ್ತು, ವಾಪಸ್ ಬಂದೆ. ಕೂತ್ಕೊಳಿ.”

ಗಲ್ಲಿಯೆಲ್ಲ ಗೊಳ್ಳೆಂದಿತು. ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಮಹದೇವಸ್ವಾಮಿಯವರ ಕಿವಿ ಕೆಂಪಾಯಿತು.

“ಸಾರ್ವಜನಿಕ ರಸ್ತೆ ತಡೆಯೋದು ತಪ್ಪು ತಾಯಿ. ಯಾರಾದ್ರೂ ದೂರು ಕೊಟ್ರೆ?”

“ನಿಮ್ಮ ಮಗಳ ಮದುವೇಲಿ ರಸ್ತೆ ಪೂರ್ತಿ ಶಾಮಿಯಾನ ಹಾಕ್ಸಿದ್ರಲ್ಲ, ಕುರ್ಚಿ ಇವರ ಮನೇದೇ. ಆಗ ಯಾರು ದೂರು ಕೊಟ್ರು?”

ಫರೀದಾಬಿ ಹೌದೆಂದು ತಲೆಯಾಡಿಸಿದಳು. ಮಹದೇವಸ್ವಾಮಿಯವರು ಕೆಟ್ಟವರಲ್ಲ. ಓಡುತ್ತಿದ್ದ ಮಕ್ಕಳನ್ನು ನೋಡಿ, ಹಾರವನ್ನು ಖಾಲಿ ಕುರ್ಚಿಯೊಂದರ ಮೇಲಿಟ್ಟರು.

“ಒಂದು ಸಹಾಯ ಮಾಡ್ತೀನಿ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಪಾರ್ಕು ನಿಮ್ಮ ಮಕ್ಕಳಿಗೆ. ಗುರುತಿನ ಚೀಟಿ ಮಾಡಿಸ್ತೀನಿ, ವಾಚ್‌ಮನ್ ನೋಡ್ಕೊತಾನೆ. ಈ ಕುರ್ಚಿ ಎತ್ತಿಸ್ಬುಡಿ.”

ಧರಣಿ ಆಸೆಯಿಂದ ಅತ್ತೆಯ ಮುಖ ನೋಡಿದಳು. ಕೂತ ಹೆಂಗಸರಲ್ಲಿ ಒಬ್ಬರೂ ಮೇಲೇಳಲಿಲ್ಲ. ಸಾಕಮ್ಮ ಅವರೆಕಾಳಿನ ಪಾತ್ರೆ ಕೆಳಗಿಟ್ಟಳು.

“ಬೇಡ ಸ್ವಾಮಿ. ಆಟ ಅನ್ನೋದು ನಲ್ಲಿ ನೀರಾ, ವಾರಕ್ಕೊಂದು ಸಲ ಬುಟ್ಟಾಗ ಬಿಂದಿಗೆ ಹಿಡ್ಕೊಂಡು ಸಾಲಲ್ಲಿ ನಿಲ್ಲಕೆ? ಇಸ್ಕೂಲಿಂದ ಬಂದು ಚೀಲ ಬಿಸಾಕಿದ್ರೆ ಬಾಗಿಲ ಮುಂದೇನೇ ಸಿಕ್ಬೇಕು ಅದು. ಮೂಗಿಗೆ ತುಪ್ಪ ಸವರ್ಬೇಡಿ. ನಿಮ್ಮ ಪಾರ್ಕು ನಿಮಗಿರ್ಲಿ, ನಿಮ್ಮ ಉಪಕಾರಾನೂ ನಿಮಗೇ ಇರ್ಲಿ. ನಮಗೆ ಬೇಡ ಕಣ್ರೀ.”